ದುರ್ಗದ ಎಂಟನೆಯ ಸುತ್ತು

1777ರಲ್ಲಿ ಮೈಸೂರಿನ ಹೈದರಾಲಿ ಚಿತ್ರದುರ್ಗದ ಬುಡದಲ್ಲಿ ತಿಂಗಳುಗಟ್ಟಲೆ ಬೀಡುಬಿಟ್ಟ. ಕೋಟೆಯೊಳಕ್ಕೆ ಕಾಲಿಡಲಾಗದೆ ಮುತ್ತಿಗೆ ತೆಗೆದ. 1779ರಲ್ಲಿ ಮತ್ತೆ ಬಂದ. ಈ ಸಲ ಕೋಟೆ ಅವನದಾಯಿತು. ನಡುವಿನ ಎರಡು ವರ್ಷಗಳಲ್ಲಿ ದುರ್ಗದ ಬಂಡೆ ಕರಗಿರಲಿಲ್ಲ. ಏಳು ಸುತ್ತಿನಲ್ಲಿ ಒಂದೂ ಕಡಿಮೆಯಾಗಿರಲಿಲ್ಲ. ಬೇಡ ಪಡೆಯ ಕೆಚ್ಚು ತಗ್ಗಿರಲಿಲ್ಲ. ಹಾಗಾದರೆ ಬಿದ್ದದ್ದು ಯಾವುದು? ಈ ಪ್ರಶ್ನೆಗೆ ನಾವು 'ದ್ರೋಹ' ಎಂಬ ಒಂದೇ ಮಾತಿನಲ್ಲಿ ಉತ್ತರ ಹೇಳಿ ಮುಗಿಸುತ್ತೇವೆ. ಉತ್ತರ ತಪ್ಪಲ್ಲ, ಆದರೆ ಅದು ಕಥೆಯ ಕೊನೆಯ ಪುಟ ಮಾತ್ರ. ಅದರ ಹಿಂದಿನ ಪುಟಗಳನ್ನು ಓದಿದರೆ ಕೋಟೆ ಎಂಬುದು ಗೋಡೆಯಲ್ಲ ಎಂಬುದು ಕಾಣುತ್ತದೆ. ನೀರು, ಕಾಳು, ಮದ್ದು, ಸಂಬಳ, ಸ್ವಾಮಿನಿಷ್ಠೆ, ನೆರೆಯವರ ನೆರವು ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡು ನಿಂತ ವ್ಯವಸ್ಥೆ ಅದು. ಒಂದು ಎಳೆ ಸಡಿಲವಾದರೆ ಉಳಿದ ಎಳೆಗಳ ಮೇಲೆ ಭಾರ ಹೆಚ್ಚುತ್ತದೆ. ಶತ್ರುವನ್ನು ಹೀಗೆ ಹೆಣಿಗೆಯಾಗಿ ನೋಡಿ ಎಲ್ಲಿ ಹೊಡೆಯಬೇಕೆಂದು ನಿರ್ಧರಿಸುವುದನ್ನೇ ಇಂದಿನ ಸೇನಾ ಕಾಲೇಜುಗಳು ವ್ಯವಸ್ಥಾ ಚಿಂತನೆ ಎಂದು ಕಲಿಸುತ್ತವೆ. ಆ ಪಾಠದ ಬಲ, ಅದರ ಭ್ರಮೆ, ಅದರ ಕ್ರೌರ್ಯ ಮೂರೂ ನಮ್ಮ ದುರ್ಗದಲ್ಲೇ ನಡೆದುಹೋಗಿವೆ.

ಮೊದಲು ನೀರಿನಿಂದಲೇ ಶುರುಮಾಡಬೇಕು. ದುರ್ಗದ ಸೀಮೆ ಮಳೆ ನೆರಳಿನ ಬಯಲು. ಬೀಳುವ ಮಳೆ ಕಡಿಮೆ, ಅದೂ ಹೇಳಿ ಕೇಳಿ ಬರುವುದಲ್ಲ. ಇಂಥ ಕಡೆ ಬೆಟ್ಟದ ಮೇಲೆ ಸಾವಿರಾರು ಜನ, ಕುದುರೆ, ದನಗಳನ್ನು ಇಟ್ಟುಕೊಂಡು ತಿಂಗಳುಗಟ್ಟಲೆ ಬಾಗಿಲು ಮುಚ್ಚಿ ಕೂರುವುದೆಂದರೆ ಕತ್ತಿಯ ಮಾತಿಗಿಂತ ಮೊದಲು ಹೊಂಡದ ಮಾತು. ಬಂಡೆಗಳ ಮೇಲೆ ಬಿದ್ದ ಹನಿ ಹರಿದು ಗೋಪಾಲಸ್ವಾಮಿ ಹೊಂಡ ಸೇರುತ್ತದೆ. ಅಲ್ಲಿ ತುಂಬಿ ಹೆಚ್ಚಾದದ್ದು ಅಕ್ಕ ತಂಗಿಯರ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರ ನಡುವಿನ ಸಂತೆ ಹೊಂಡಕ್ಕೆ. ಒಂದು ಹೊಂಡ ಕೆಟ್ಟರೂ ಇನ್ನೊಂದು ಉಳಿಯುವ ಹಾಗೆ, ಒಂದರ ಹೆಚ್ಚುವರಿ ಮತ್ತೊಂದರ ಬಂಡವಾಳವಾಗುವ ಹಾಗೆ ಕಟ್ಟಿದ ಏರ್ಪಾಡು ಇದು. ಅದರ ಜೊತೆಗೆ ಧಾನ್ಯದ ಕಣಜ, ಎಣ್ಣೆಯ ಕೊಳ, ಮದ್ದು ಬೀಸಲು ನೆಲದೊಳಗೆ ಕೂರಿಸಿದ ಭಾರಿ ಬೀಸುಕಲ್ಲುಗಳು. ಕಟ್ಟಿದವರು ಹೊರಗಿನಿಂದ ಏನೂ ಬಾರದ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಿದ್ದಾರೆ.

ಇದರ ಬೆಲೆ ತಿಳಿಯಬೇಕಾದರೆ ಗುತ್ತಿಯನ್ನು ನೋಡಬೇಕು. ದುರ್ಗಕ್ಕೆ ಬರುವ ಮುನ್ನ, 1776ರ ಹೊತ್ತಿಗೆ, ಹೈದರ್ ಮುರಾರಿರಾವ್ ಘೋರ್ಪಡೆಯ ಗುತ್ತಿಕೋಟೆಯನ್ನು ತೆಗೆದುಕೊಂಡಿದ್ದ. ಅದೂ ಕಡಿದಾದ ಬೆಟ್ಟದ ಕೋಟೆ, ಲಗ್ಗೆಗೆ ದಕ್ಕುವಂಥದ್ದಲ್ಲ. ಸಂಧಿಯ ಮಾತುಕತೆ ಬಹುಮಟ್ಟಿಗೆ ಮುಗಿದಿತ್ತು. ಅಷ್ಟರಲ್ಲಿ ಒತ್ತೆಯಾಳಾಗಿ ಬಂದ ತರುಣನ ಬಾಯಿಂದ ಮೇಲಿನ ಹೊಂಡಗಳಲ್ಲಿ ನೀರು ಮುಗಿಯುತ್ತ ಬಂದಿದೆ ಎಂಬ ಸುದ್ದಿ ಹೈದರನಿಗೆ ತಿಳಿಯಿತೆಂದು ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಹೇಳುತ್ತಾನೆ. ಹೈದರ್ ಮಾತುಕತೆ ಮುರಿದ, ಸುಮ್ಮನೆ ಕುಳಿತ, ಗುತ್ತಿ ತಾನೇ ಶರಣಾಯಿತು. ಅಲ್ಲಿ ಅವನು ಗೋಡೆಗೆ ಗುರಿಯಿಡಲಿಲ್ಲ, ಬಾಯಾರಿಕೆಗೆ ಇಟ್ಟ. ಮರುವರ್ಷ ಅದೇ ಹೈದರ್ ದುರ್ಗದ ಮುಂದೆ ಕುಳಿತಾಗ ಆ ಕೀಲಿ ಈ ಬೀಗಕ್ಕೆ ಹತ್ತಲಿಲ್ಲ. ಗುರಿ ಆಯ್ಕೆಯ ಮೊದಲ ಪಾಠ ಇಲ್ಲಿದೆ: ಒಂದು ವ್ಯವಸ್ಥೆಯ ಮರ್ಮಸ್ಥಾನ ಇನ್ನೊಂದರ ಮರ್ಮಸ್ಥಾನವಲ್ಲ. ಎರಡೂ ಬೆಟ್ಟದ ಕೋಟೆಗಳೇ, ಹೊರನೋಟಕ್ಕೆ ಅಣ್ಣತಮ್ಮಂದಿರೇ. ಆದರೆ ಒಂದರ ಎಳೆ ಎಲ್ಲಿ ತೆಳುವಾಗಿತ್ತೋ ಅಲ್ಲೇ ಇನ್ನೊಂದರ ಎಳೆ ಹುರಿಗೊಂಡಿತ್ತು.

ಹಾಗಾದರೆ ದುರ್ಗದ ತೆಳುವಾದ ಎಳೆ ಯಾವುದು? ಬೇಡ ಪಡೆಯಂತೂ ಅಲ್ಲ. ಮುತ್ತಿಗೆಯ ಕಾಲದಲ್ಲಿ ಪ್ರತಿ ಸೋಮವಾರ ದೇವಿಯ ಪೂಜೆ ಮುಗಿಸಿ, ಕಹಳೆ ಊದಿ, ಬೇಡರು ಕೋಟೆಯಿಂದಿಳಿದು ಶತ್ರುವಿನ ಪಾಳೆಯದ ಮೇಲೆ ಬೀಳುತ್ತಿದ್ದರು. ದಿನ ಗೊತ್ತು, ಹೊತ್ತು ಗೊತ್ತು, ಆದರೂ ತಡೆಯಲು ಹೈದರನ ಸೈನ್ಯಕ್ಕೆ ಆಗುತ್ತಿರಲಿಲ್ಲ ಎನ್ನುತ್ತದೆ ಅದೇ ವಿಲ್ಕ್ಸ್‌ನ ಬರಹ. ಕೋಟೆ ಬಿದ್ದಾಗ ದೇವಿಯ ಗುಡಿಯ ಮುಂದೆ ಶತ್ರುಗಳ ಎರಡು ಸಾವಿರ ತಲೆಗಳ ಗುಡ್ಡೆಗಳಿದ್ದವಂತೆ. ಇಷ್ಟೊಂದು ಕಟ್ಟಾದ ಪಡೆಯನ್ನು ಎದುರಿನಿಂದ ಹೊಡೆದು ಸೋಲಿಸುವುದು ಆಗದ ಮಾತು. ತೆಳುವಾದ ಎಳೆ ಕೋಟೆಯ ಹೊರಗೇ ಇತ್ತು, ನೂರಾರು ಮೈಲಿ ದೂರದ ಮರಾಠರ ಪುಣೆಯಲ್ಲಿ. ದುರ್ಗದ ಪಾಳೆಯಗಾರ ಮದಕರಿ ನಾಯಕ ತನ್ನ ಪಾಳೆಯಪಟ್ಟನ್ನು ಉಳಿಸಿಕೊಂಡು ಬಂದದ್ದೇ ಮೈಸೂರು ಮತ್ತು ಮರಾಠರ ನಡುವಿನ ತಕ್ಕಡಿಯಲ್ಲಿ. 1770ರಲ್ಲಿ ಪೇಶ್ವೆ ಮಾಧವರಾಯನ ಜೊತೆ ನಿಂತು ನಿಜಗಲ್ಲು ಕೋಟೆ ಹತ್ತಿದ್ದು ದುರ್ಗದ ಬೇಡರೇ. 1777ರ ಮುತ್ತಿಗೆಯನ್ನು ಹೈದರ್ ಕೈಬಿಟ್ಟದ್ದೂ ಮರಾಠಾ ಸೈನ್ಯ ಹತ್ತಿರವಾಗುತ್ತಿದೆ ಎಂಬ ಕಾರಣಕ್ಕೇ. ಆ ಮಟ್ಟಿಗೆ ಪುಣೆಯ ನೆರವು ದುರ್ಗದ ಎಂಟನೆಯ ಸುತ್ತು. ಕಲ್ಲಿನದಲ್ಲದ ಕಾರಣ ಕಣ್ಣಿಗೆ ಕಾಣದ್ದು, ಆದರೆ ಉಳಿದ ಏಳು ಸುತ್ತುಗಳಿಗೆ ಕಾಲಾವಕಾಶ ಕೊಡುತ್ತಿದ್ದದ್ದು ಅದೇ.

1779ರ ಹೊತ್ತಿಗೆ ಆ ಸುತ್ತು ಇಲ್ಲವಾಗಿತ್ತು. ಪುಣೆ ಇಂಗ್ಲಿಷರ ಜೊತೆ ಯುದ್ಧದಲ್ಲಿ ಸಿಕ್ಕಿಕೊಂಡಿತ್ತು. ಆ ವರ್ಷದ ಜನವರಿಯಲ್ಲಿ ವಡಗಾಂವಿನಲ್ಲಿ ಕಂಪನಿಯ ಪಡೆಯನ್ನು ಮಣಿಸಿದರೂ ಯುದ್ಧ ಮುಗಿದಿರಲಿಲ್ಲ. ಇಂಗ್ಲಿಷರ ವಿರುದ್ಧ ಹೈದರನನ್ನೇ ಜೊತೆಗೆ ಸೇರಿಸಿಕೊಳ್ಳುವ ಲೆಕ್ಕಾಚಾರ ಪುಣೆಯಲ್ಲಿ ನಡೆಯುತ್ತಿದ್ದಾಗ ದುರ್ಗಕ್ಕಾಗಿ ಅವನ ಮೇಲೆ ಏರಿಬರುವವರು ಯಾರು? ಇತ್ತ ಬಿದನೂರು 1763ರಲ್ಲೇ ಹೈದರನ ಕೈಸೇರಿತ್ತು, ಸಿರಾ ಅವನದಾಗಿತ್ತು, ಗುತ್ತಿ ಬಿದ್ದಿತ್ತು. ಸುತ್ತಲಿನ ಕೊಂಡಿಗಳು ಒಂದೊಂದಾಗಿ ಕಳಚಿದ ಮೇಲೆ ಉಳಿದದ್ದು ಕೋಟೆಯೊಳಗಿನ ಒಂದು ಕೊಂಡಿ. ಅದು ಸಂಬಳದ ಮೇಲೆ ನಿಂತ ನಿಷ್ಠೆ. ನಾಯಕನ ಸೇವೆಯಲ್ಲಿದ್ದ ಬಾಡಿಗೆ ಸೈನಿಕರ ಪಡೆಯ ಮುಖಂಡರು ಹೈದರನಿಗೆ ಒಲಿದರು, ಬಾಗಿಲು ತೆರೆಯಿತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ದ್ರೋಹ ಎಂಬುದು ಕೆಲವರ ದುರ್ಬುದ್ಧಿ, ಆಕಸ್ಮಿಕ; ಅದನ್ನು ವ್ಯವಸ್ಥೆಯ ಲೆಕ್ಕಕ್ಕೆ ಹಾಕುವುದು ನಡೆದುಹೋದದ್ದಕ್ಕೆ ಆಮೇಲೆ ಬುದ್ಧಿವಂತಿಕೆಯ ಬಣ್ಣ ಬಳಿದಂತೆ ಅಲ್ಲವೇ? ಹಾಗೆ ಒಪ್ಪಿಕೊಂಡರೆ ಒಂದು ಪ್ರಶ್ನೆ ಉಳಿಯುತ್ತದೆ. ಅದೇ ಪಡೆ 1777ರಲ್ಲೂ ಕೋಟೆಯೊಳಗಿತ್ತು, ಅದೇ ಹೈದರ್ ಹೊರಗಿದ್ದ, ಅವನ ಥೈಲಿಯಲ್ಲಿ ಆಗಲೂ ಹಣವಿತ್ತು. ಆಗ ತೆರೆಯದ ಬಾಗಿಲು ಎರಡು ವರ್ಷದ ಮೇಲೆ ಏಕೆ ತೆರೆಯಿತು? ನೆರವು ಬಂದೇ ಬರುತ್ತದೆ ಎಂದು ನಂಬಿದವನು ಕಾಯುತ್ತಾನೆ. ಬರುವುದಿಲ್ಲ ಎಂದು ತಿಳಿದವನು ತನ್ನ ದಾರಿ ನೋಡಿಕೊಳ್ಳುತ್ತಾನೆ. ದ್ರೋಹ ಬಗೆದವರ ಹೊಣೆ ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ಯಾವ ಎಳೆ ಯಾವಾಗ ಹರಿಯುತ್ತದೆ ಎಂಬುದನ್ನು ಉಳಿದ ಎಳೆಗಳು ನಿರ್ಧರಿಸುತ್ತವೆ. ಹೈದರ್ ಇದನ್ನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ; ಓದು ಬರಹ ಬಾರದವನು ಅವನು. ಮನುಷ್ಯರು ಯಾವುದರ ಮೇಲೆ ನಿಂತಿದ್ದಾರೆ ಎಂದು ನೋಡುವ ಕಣ್ಣು ಅವನಿಗಿತ್ತು.

ಇದಕ್ಕೆ ದೊಡ್ಡ ಸಾಕ್ಷಿ ಗೆದ್ದ ಮೇಲೆ ಅವನು ಮಾಡಿದ ಕೆಲಸ. ಅವನು ಕೋಟೆಯನ್ನು ಒಡೆಯಲಿಲ್ಲ, ಇನ್ನಷ್ಟು ಭದ್ರಪಡಿಸಿದ. ಒಡೆದದ್ದು ಜನರನ್ನು. ಮದಕರಿ ನಾಯಕನನ್ನೂ ಅವನ ಕುಟುಂಬವನ್ನೂ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಸುಮಾರು 20,000 ಬೇಡರನ್ನು ಅವರ ನೆಲದಿಂದ ಕಿತ್ತು ಅಲ್ಲಿಗೇ ಸಾಗಿಸಿದ. ಅವರ ಹುಡುಗರನ್ನು ಮತಾಂತರಿಸಿ 'ಚೇಲ' ಎಂಬ ಪಡೆಗಳನ್ನು ಕಟ್ಟಿದ. ತಿಮ್ಮಣ್ಣ ನಾಯಕ ಹದಿನಾರನೇ ಶತಮಾನದಲ್ಲಿ ಹೊಳಲ್ಕೆರೆಯ ನಾಯಕತನದಿಂದ ಮೇಲೆದ್ದು ದುರ್ಗಕ್ಕೆ ಬಂದವನು. ಹೊಳಲ್ಕೆರೆ, ಹಿರಿಯೂರು, ಹೊಸದುರ್ಗದ ಹಳ್ಳಿಗಳಿಂದ ಬಂದ ಕಾಳು ಮತ್ತು ಕಾಲಾಳುಗಳೇ ಆ ಮನೆತನದ ಎರಡು ಶತಮಾನದ ಬಲ. ಆ ನಂಟನ್ನು ಕತ್ತರಿಸದೆ ಬೆಟ್ಟ ಗೆದ್ದರೂ ಗೆದ್ದಂತಲ್ಲ ಎಂದು ಹೈದರನಿಗೆ ಗೊತ್ತಿತ್ತು. ಯುದ್ಧತಂತ್ರವಾಗಿ ಇದು ಅಚ್ಚುಕಟ್ಟು. ಮನುಷ್ಯರ ಕಡೆಯಿಂದ ನೋಡಿದರೆ ಘೋರ. ಎರಡೂ ಮಾತುಗಳನ್ನು ಒಂದೇ ಉಸಿರಿನಲ್ಲಿ ಹೇಳಲೇಬೇಕು, ಏಕೆಂದರೆ ಎರಡೂ ಹುಟ್ಟಿದ್ದು ಒಂದೇ ತಿಳಿವಳಿಕೆಯಿಂದ.

ಹೈದರ್ ಮತ್ತು ಟಿಪ್ಪು ಭದ್ರಪಡಿಸಿದ ಅದೇ ದುರ್ಗ 1799ರಲ್ಲಿ ಏನಾಯಿತು ಎಂಬುದೂ ಇದೇ ಪಾಠದ ಮುಂದುವರಿಕೆ. ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತ ಮೇಲೆ ಈ ಭಾರಿ ಕೋಟೆ ಮುತ್ತಿಗೆಯನ್ನೇ ಕಾಣದೆ ಕೈಬದಲಾಯಿತು. ಇಂಗ್ಲಿಷರ ದಂಡು ಕೆಲಕಾಲ ಇಲ್ಲಿದ್ದು, ಹವೆ ಒಗ್ಗದೆ 1809ರಲ್ಲಿ ಜಾಗ ಖಾಲಿ ಮಾಡಿತು. ತಲೆ ಉರುಳಿದರೆ ಸಾಕು ಎಂದು ಇದರಿಂದ ಸೂತ್ರ ಮಾಡಿಕೊಳ್ಳುವವರಿಗೆ ಧೋಂಡಿಯ ವಾಘ ಅಡ್ಡ ನಿಲ್ಲುತ್ತಾನೆ. ಶ್ರೀರಂಗಪಟ್ಟಣದ ಸೆರೆಯಿಂದ ಅದೇ ಗದ್ದಲದಲ್ಲಿ ಹೊರಬಂದ ಆತ, ಚದುರಿದ ಸೈನಿಕರನ್ನೇ ಕೂಡಿಸಿಕೊಂಡು ಮಲೆನಾಡಿನಿಂದ ಕೃಷ್ಣಾತೀರದವರೆಗೆ ಇಂಗ್ಲಿಷರ ಸೇನಾನಿ ಆರ್ಥರ್ ವೆಲ್ಲೆಸ್ಲಿಯನ್ನು ಅಲೆಸಿದ. 1800ರ ಸೆಪ್ಟೆಂಬರ್ 10ರಂದು ಅವನು ಸಾಯುವವರೆಗೂ ಆ ಯುದ್ಧ ಮುಗಿಯಲಿಲ್ಲ. ಅವನನ್ನು ಬೆನ್ನಟ್ಟಲು ವೆಲ್ಲೆಸ್ಲಿಗೆ ಒದಗಿದ್ದು ಟಿಪ್ಪುವಿನಿಂದ ಬಂದ ಅಮೃತಮಹಲ್ ಎತ್ತುಗಳ ನಡಿಗೆ. ಒಂದೇ ಪೆಟ್ಟಿಗೆ ಕೋಟೆಗಳ ವ್ಯವಸ್ಥೆ ಕುಸಿಯಿತು, ಅದೇ ಪೆಟ್ಟು ಚದುರಿದ ಸವಾರರಿಗೆ ಹೊಸ ನಾಯಕನನ್ನು ಕೊಟ್ಟಿತು.

ಇದೆಲ್ಲ ಇಂದಿನ ಪಾಶ್ಚಾತ್ಯ ಪರಿಭಾಷೆಯನ್ನು ಹಳೆಯ ಕಾಲದ ಮೇಲೆ ಹೇರುವುದು ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಆ ಭಾಷೆ ನಮ್ಮ ಕೈಯಲ್ಲೇ ಇತ್ತು. 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಕಟ್ಟನ್ನು ಆರ್. ಶಾಮಾಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರ ರಾಜ್ಯವನ್ನು ಏಳು ಅಂಗಗಳ ದೇಹವೆಂದೇ ಕಾಣುತ್ತದೆ: ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ. ಕೋಟೆ ಅದರಲ್ಲಿ ಒಂದು ಅಂಗ ಮಾತ್ರ, ಜನಪದ ಅದಕ್ಕಿಂತ ಮೊದಲು ಬರುತ್ತದೆ. ಕೋಟೆ ಹಿಡಿಯುವ ಐದು ದಾರಿಗಳನ್ನು ಹೇಳುವಾಗಲೂ ಕೌಟಿಲ್ಯ ಒಳಗಿನವರನ್ನು ಒಡೆಯುವ ಉಪಜಾಪವನ್ನು ಮೊದಲಿಗೆ ಇಡುತ್ತಾನೆ, ಲಗ್ಗೆಯಿಟ್ಟು ಪುಡಿಮಾಡುವ ಅವಮರ್ದವನ್ನು ಕೊನೆಗೆ. ಏಳನೆಯ ಅಂಗವಾದ ಮಿತ್ರ ಕೈಬಿಟ್ಟದ್ದರಿಂದ ನಾಲ್ಕನೆಯ ಅಂಗವಾದ ದುರ್ಗ ಹೋಯಿತು ಎಂದರೆ 1779ರ ಕಥೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ.

ಇಪ್ಪತ್ತನೆಯ ಶತಮಾನ ಈ ವಿದ್ಯೆಗೆ ವಿಮಾನ ಕೊಟ್ಟಿತು. ಅಮೆರಿಕದ ವಾಯುಸೇನೆಯ ಜಾನ್ ವಾರ್ಡನ್ ಶತ್ರುದೇಶವನ್ನು ಐದು ವರ್ತುಲಗಳಾಗಿ ಬಿಡಿಸಿದ: ನಡುವೆ ನಾಯಕತ್ವ, ಅದರ ಸುತ್ತ ವಿದ್ಯುತ್ತು ಮತ್ತು ಇಂಧನದಂಥ ಜೀವಾಳ, ಆಮೇಲೆ ರಸ್ತೆ ರೈಲು, ಆಮೇಲೆ ಜನ, ಎಲ್ಲಕ್ಕೂ ಹೊರಗೆ ಸೈನ್ಯ. ಹಿಂದಿನವರು ಹೊರಸುತ್ತಿನಿಂದ ಒಳಕ್ಕೆ ಒಂದೊಂದಾಗಿ ಗೆಲ್ಲಬೇಕಿತ್ತು, ವಿಮಾನವಿದ್ದವನು ನೇರ ನಡುವಿಗೇ ಹೊಡೆಯಬಹುದು ಎಂಬುದು ಅವನ ವಾದ. ಆದರೆ ನಡು ಎಲ್ಲಿದೆ ಎಂದು ತಿಳಿಯುವುದೇ ಕಷ್ಟದ ಕೆಲಸ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕನ್ನರು ಜರ್ಮನಿಯ ಶ್ವೈನ್‌ಫರ್ಟ್‌ನ ಬಾಲ್ ಬೇರಿಂಗ್ ಕಾರ್ಖಾನೆಗಳನ್ನು ಆರಿಸಿಕೊಂಡರು. ತರ್ಕ ಸೊಗಸಾಗಿತ್ತು: ಬೇರಿಂಗ್ ಇಲ್ಲದೆ ಯಾವ ಯಂತ್ರವೂ ತಿರುಗದು. 1943ರ ಆಗಸ್ಟ್ 17ರ ದಾಳಿಯಲ್ಲಿ 36, ಅಕ್ಟೋಬರ್ 14ರ ದಾಳಿಯಲ್ಲಿ 60 ಬಾಂಬರ್ ವಿಮಾನಗಳು ನಾಶವಾದವು. ಜರ್ಮನರು ದಾಸ್ತಾನು ಬಳಸಿದರು, ಕಾರ್ಖಾನೆಗಳನ್ನು ಚದುರಿಸಿದರು, ಯಂತ್ರಗಳ ವಿನ್ಯಾಸ ಬದಲಿಸಿದರು. ಯುದ್ಧೋತ್ಪಾದನೆ ಇದರಿಂದ ಅಳೆಯುವಷ್ಟು ಕುಗ್ಗಲಿಲ್ಲವೆಂದು ಅಮೆರಿಕದ ಸಮೀಕ್ಷೆಯೇ ಯುದ್ಧಾನಂತರ ಒಪ್ಪಿಕೊಂಡಿತು. 1944ರ ಮೇಯಿಂದ ಕೃತಕ ತೈಲದ ಕಾರ್ಖಾನೆಗಳನ್ನು ಬಿಡದೆ ಹೊಡೆದಾಗ ಫಲಿತಾಂಶ ಬೇರೆಯಾಯಿತು. ಆ ಕಾರ್ಖಾನೆಗಳ ವಿಮಾನ ಇಂಧನದ ಉತ್ಪಾದನೆ ಏಪ್ರಿಲ್‌ನಲ್ಲಿ 1,75,000 ಟನ್ ಇದ್ದದ್ದು ಸೆಪ್ಟೆಂಬರ್‌ನಲ್ಲಿ 5,000 ಟನ್ನಿಗೆ ಇಳಿಯಿತು. ಬೇರಿಂಗ್ ಕೂಡ ಮುಖ್ಯ, ತೈಲವೂ ಮುಖ್ಯ. ಒಂದಕ್ಕೆ ಬದಲಿಯಿತ್ತು, ಇನ್ನೊಂದಕ್ಕೆ ಇರಲಿಲ್ಲ. ಒಂದನ್ನು ಬಿಟ್ಟು ಬಿಟ್ಟು ಹೊಡೆದರು, ಇನ್ನೊಂದನ್ನು ಎದ್ದೇಳಲು ಬಿಡಲಿಲ್ಲ. ಯಾವ ವಸ್ತು ದೊಡ್ಡದು ಎಂದು ಕೇಳುವವನು ಎಡವುತ್ತಾನೆ. ಅದು ಹೋದರೆ ಅವರು ಏನು ಮಾಡಿಕೊಳ್ಳುತ್ತಾರೆ, ಎಷ್ಟು ದಿನದಲ್ಲಿ ಮಾಡಿಕೊಳ್ಳುತ್ತಾರೆ ಎಂದು ಕೇಳುವವನಿಗೆ ಮಾತ್ರ ವ್ಯವಸ್ಥೆ ಕಾಣುತ್ತದೆ.

ಈ ಪ್ರಶ್ನೆಯನ್ನು ನಮ್ಮ ಜಿಲ್ಲೆಯ ಮೇಲೇ ಇಟ್ಟು ನೋಡಿದರೆ ಅದು ಎಷ್ಟು ಹರಿತವಾದದ್ದು ಎಂಬುದು ತಿಳಿಯುತ್ತದೆ. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ರೈಲು ಜಂಕ್ಷನ್ ನಕ್ಷೆಯ ಮೇಲೆ ದೊಡ್ಡ ಗಂಟಿನಂತೆ ಕಾಣುತ್ತದೆ. ಅದು ಕೆಲಕಾಲ ನಿಂತರೂ ಸರಕು ಹೆದ್ದಾರಿಗೆ ತಿರುಗುತ್ತದೆ, ಬದುಕು ಕುಂಟುತ್ತಲಾದರೂ ಸಾಗುತ್ತದೆ. ಹಿರಿಯೂರಿನ ವಾಣಿವಿಲಾಸ ಸಾಗರ ಹಾಗಲ್ಲ. ಹೊಸದುರ್ಗದ ಕಡೆಯಿಂದ ಇಳಿದು ಬರುವ ವೇದಾವತಿಗೆ ಮಾರಿಕಣಿವೆಯಲ್ಲಿ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ಈ ಜಲಾಶಯ ಸುಮಾರು 30 ಟಿಎಂಸಿ ನೀರು ಹಿಡಿಯಬಲ್ಲದು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 89 ವರ್ಷ, 2022ರವರೆಗೆ, ಕಾಯಬೇಕಾಯಿತು. ಈಗ ಅದಕ್ಕೆ ಭದ್ರೆಯ ನೀರೂ ಅಜ್ಜಂಪುರದ ಸುರಂಗ ದಾಟಿ ಬರುತ್ತದೆ, ಪಂಪುಗಳು ಎತ್ತಿ ಕೊಟ್ಟರೆ ಮಾತ್ರ. ಹಿರಿಯೂರಿನ ತೋಟ, ಚಿತ್ರದುರ್ಗದ ನಲ್ಲಿ, ದೂರದ ವಿದ್ಯುತ್ ತಂತಿ ಹೀಗೆ ಒಂದೇ ದಾರದಲ್ಲಿ ಪೋಣಿಸಿಕೊಂಡಿವೆ. ರಸ್ತೆಗೆ ಬದಲಿ ರಸ್ತೆ ಇದೆ, ಈ ನೀರಿಗೆ ಬದಲಿ ನೀರಿಲ್ಲ. ಅಂದರೆ ತಂತ್ರಜ್ಞನ ಲೆಕ್ಕದಲ್ಲಿ ಯಾವುದು ಒಳ್ಳೆಯ ಗುರಿಯೋ ಅದೇ ತಾಯಂದಿರ ಕೊಡವೂ ಆಗಿರುತ್ತದೆ.

ಅಣೆಕಟ್ಟೆಗಳನ್ನು ಹೊಡೆದ ಉದಾಹರಣೆಯೂ ಇದೆ. 1943ರ ಮೇ 16ರ ರಾತ್ರಿ ಬ್ರಿಟಿಷ್ ವಿಮಾನಗಳು ಜರ್ಮನಿಯ ಮೋನೆ ಮತ್ತು ಎಡರ್ ಅಣೆಕಟ್ಟೆಗಳನ್ನು ಒಡೆದವು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ದೊಡ್ಡ ಪಾಲು ಸೋವಿಯತ್ ನಾಡಿನಿಂದ ಬಲವಂತವಾಗಿ ದುಡಿಯಲು ತಂದಿದ್ದ ಕೂಲಿಗಳು, ಅದರಲ್ಲೂ ಹೆಂಗಸರು. ಕಟ್ಟೆಗಳನ್ನು ಅದೇ ವರ್ಷದ ಶರತ್ಕಾಲದೊಳಗೆ ಜರ್ಮನರು ಮತ್ತೆ ಕಟ್ಟಿ ನಿಲ್ಲಿಸಿದರು. ವ್ಯವಸ್ಥೆ ಚೇತರಿಸಿಕೊಂಡಿತು, ಸತ್ತವರು ಏಳಲಿಲ್ಲ. 1991ರಲ್ಲಿ ಇರಾಕಿನ ವಿದ್ಯುತ್ ಜಾಲವನ್ನು ಹೊಡೆದಾಗ ಸೈನ್ಯದ ಸಂಪರ್ಕವಷ್ಟೇ ಕೆಡಲಿಲ್ಲ. ಪಂಪು ನಿಂತಿತು, ಕೊಳಚೆ ನೀರು ಕುಡಿಯುವ ನೀರಿಗೆ ಸೇರಿತು, ಯುದ್ಧ ಮುಗಿದ ಮೇಲೂ ಮಕ್ಕಳು ವಾಂತಿಭೇದಿಯಿಂದ ಸಾಯುತ್ತ ಹೋದರು. ಅದೇ ಯುದ್ಧದಲ್ಲಿ, ಫೆಬ್ರವರಿ 13ರಂದು, ಸೇನಾ ಕೇಂದ್ರವೆಂದು ಆರಿಸಿ ಹೊಡೆದ ಬಾಗ್ದಾದಿನ ಅಮೀರಿಯ ನೆಲಮನೆಯಲ್ಲಿ ಆಶ್ರಯ ಪಡೆದಿದ್ದ ನಾನೂರಕ್ಕೂ ಹೆಚ್ಚು ನಾಗರಿಕರು ಸುಟ್ಟುಹೋದರು. ನಕ್ಷೆಯಲ್ಲಿ ಜನ ಇರಲಿಲ್ಲ, ನೆಲದಲ್ಲಿ ಇದ್ದರು. ಕೋಟೆಯ ಕಿಂಡಿಯಲ್ಲಿ ನುಸುಳಿದ ಹೈದರನ ಸೈನಿಕರನ್ನು ಒನಕೆಯಿಂದಲೇ ತಡೆದ ಒನಕೆ ಓಬವ್ವನನ್ನು ದುರ್ಗದ ಜನಮನಸ್ಸು ಇಂದಿಗೂ ಎದೆಯಲ್ಲಿಟ್ಟುಕೊಂಡಿರುವುದರ ಒಂದು ಅರ್ಥ ನನಗೆ ಇಲ್ಲಿ ಕಾಣುತ್ತದೆ. ಕಿಂಡಿಯನ್ನು ಹುಡುಕಿದವರು, ಕಾವಲುಗಾರ ಊಟಕ್ಕೆ ಹೋಗುವ ಹೊತ್ತನ್ನು ಲೆಕ್ಕ ಹಾಕಿದವರು, ನೀರಿಗೆ ಬರುವ ಹೆಂಗಸನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಜೀವಾಳಕ್ಕೆ ಹೊಡೆದರೆ ಯುದ್ಧ ಬೇಗ ಮುಗಿಯುತ್ತದೆ, ಒಟ್ಟಾರೆ ಸಾವು ಕಡಿಮೆಯಾಗುತ್ತದೆ ಎಂಬ ವಾದವುಂಟು. ತೈಲದ ವಿಷಯದಲ್ಲಿ ಅದಕ್ಕೆ ಆಧಾರವಿದೆ ಎಂದು ಒಪ್ಪುತ್ತೇನೆ. ನೀರಿನ ವಿಷಯದಲ್ಲಿ ಒಪ್ಪಲಾರೆ. ಇಂಧನ ನಿಂತರೆ ಮೊದಲು ನಿಲ್ಲುವುದು ಯುದ್ಧವಿಮಾನ. ನೀರು ನಿಂತರೆ ಮೊದಲು ಬೀಳುವುದು ಕೂಸು. ಸೈನ್ಯ ತನಗೆ ಬೇಕಾದ ನೀರನ್ನು ಕೊನೆಯವರೆಗೂ ದಕ್ಕಿಸಿಕೊಳ್ಳುತ್ತದೆ. ವ್ಯವಸ್ಥಾ ಚಿಂತನೆ ಪ್ರಾಮಾಣಿಕವಾಗಿದ್ದರೆ ಎಳೆಯನ್ನು ಶತ್ರುವಿನ ಬಂಕರಿನವರೆಗೆ ಹಿಂಬಾಲಿಸಿ ನಿಲ್ಲುವಂತಿಲ್ಲ, ಅದು ಮುಟ್ಟುವ ಕೊನೆಯ ಮನೆಯವರೆಗೂ ಹೋಗಬೇಕು. ಆ ಲೆಕ್ಕವನ್ನು ಯುದ್ಧದ ಕಾವಿನಲ್ಲಿ ಯಾರೂ ಮಾಡುವುದಿಲ್ಲವಾದ್ದರಿಂದ ಮೊದಲೇ ಒಪ್ಪಂದವಾಗಿ ಬರೆದಿಡಬೇಕು.

ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ 2017ರ ಮೇಯಿಂದ ಡಿಆರ್‌ಡಿಓದ ವೈಮಾನಿಕ ಪರೀಕ್ಷಾ ವಲಯ ನಡೆಯುತ್ತಿದೆ. ಫಿರಂಗಿ ಎಳೆಯುವ ಎತ್ತುಗಳ ತಳಿಗೆ ಮೀಸಲಾಗಿದ್ದ ಹುಲ್ಲುಗಾವಲ ಮೇಲೆ ಪೈಲಟ್ ಇಲ್ಲದ ವಿಮಾನಗಳು ಹಾರುತ್ತಿವೆ. ನೋಡುವ ಕಣ್ಣು ಹೀಗೆ ಮೇಲೇರಿದಷ್ಟೂ ಹೊಡೆಯಬಾರದ್ದರ ಪಟ್ಟಿಯೂ ಬೆಳೆಯಬೇಕು. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಪ್ರೋಟೊಕಾಲ್‌ನ 56ನೇ ವಿಧಿ ಅಣೆಕಟ್ಟೆಗಳಿಗೆ ಕೆಲವು ವಿನಾಯಿತಿಗಳೊಡನೆ ರಕ್ಷಣೆ ಕೊಡುತ್ತದೆ. ಭಾರತ ಅದಕ್ಕೆ ಸೇರಿಲ್ಲ, ಪಾಕಿಸ್ತಾನ ಸಹಿ ಹಾಕಿ ಅನುಮೋದಿಸದೆ ಬಿಟ್ಟಿದೆ. ಆದರೆ ಇವೇ ಎರಡು ದೇಶಗಳು 1988ರ ಡಿಸೆಂಬರ್ 31ರಂದು ಪರಸ್ಪರರ ಅಣುಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲವೆಂದು ಒಪ್ಪಂದ ಮಾಡಿಕೊಂಡು, 1992ರಿಂದ ಪ್ರತಿ ಜನವರಿ 1ರಂದು ಅವುಗಳ ಪಟ್ಟಿಯನ್ನು ಕೊಟ್ಟು ಪಡೆಯುತ್ತ ಬಂದಿವೆ. ಕಾರ್ಗಿಲ್ ಯುದ್ಧವೂ ಆ ಪದ್ಧತಿಯನ್ನು ಮುರಿಯಲಿಲ್ಲ. ಆ ಪಟ್ಟಿಗೆ ಕುಡಿಯುವ ನೀರಿನ ಅಣೆಕಟ್ಟೆಗಳನ್ನೂ ಸೇರಿಸಿ ಎಂದು ನಮ್ಮ ಸಂಸದರನ್ನು ಕೇಳುವ ಹಕ್ಕು ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಜನರಿಗಿದೆ. ಕೇಳಿ.